ದೇವತೆಯ ಪೀಠದಿಂದ ನಾಯಕತ್ವದೆಡೆಗೆ: ‘ಸ್ಟಾರ್ಮ್’ ಪಾತ್ರದಲ್ಲಿ ಪ್ರಕೃತಿ ಮತ್ತು ಚರಿತ್ರೆ

1

ಇಪ್ಪತ್ತನೆಯ ಶತಮಾನದ ಅಮೆರಿಕೆಯ ಜನಪ್ರಿಯ ಸಂಸ್ಕೃತಿಯನ್ನು ರೂಪಿಸಿದ ಪ್ರಕಾರಗಳಲ್ಲಿ ಕಾಮಿಕ್ಸ್ ಅಥವಾ ಚಿತ್ರಕಥಾ ಪತ್ರಿಕೆಗಳಿಗೆ ಪ್ರಮುಖ ಸ್ಥಾನವಿದೆ. ಮಕ್ಕಳ ಓದು, ಕಾಲಹರಣದ ಸಾಧನ ಎಂದು ವಿದ್ವತ್ ವಲಯವು ಬಹುಕಾಲ ಬದಿಗಿರಿಸಿದ್ದ ಈ ಪ್ರಕಾರವು ಇಂದು ಸಾಂಸ್ಕೃತಿಕ ಅಧ್ಯಯನದ ಗಂಭೀರ ವಸ್ತುವಾಗಿ ಪರಿಗಣಿತವಾಗಿದೆ. ಒಂದು ಸಮಾಜವು ಯಾರನ್ನು ಬಲಶಾಲಿಯೆಂದು ಕಲ್ಪಿಸಿಕೊಳ್ಳುತ್ತದೆ, ರಕ್ಷಣೆಯ ಹೊಣೆಯನ್ನು ಯಾರ ಕೈಯಲ್ಲಿ ಇರಿಸುತ್ತದೆ ಎಂಬುದು ಅದರ ಕಾವ್ಯ ಕಾದಂಬರಿಗಳಲ್ಲಿ ವ್ಯಕ್ತವಾಗುವಷ್ಟೇ ಸ್ಪಷ್ಟವಾಗಿ ಅದರ ಅಗ್ಗದ ಪತ್ರಿಕೆಗಳಲ್ಲಿಯೂ ವ್ಯಕ್ತವಾಗುತ್ತದೆ. 1938ರಲ್ಲಿ ‘ಸೂಪರ್‌ಮ್ಯಾನ್’, 1941ರಲ್ಲಿ ‘ವಂಡರ್ ವುಮನ್’ ಕಾಣಿಸಿಕೊಂಡ ಮೇಲೆ ವಿಸ್ತಾರಗೊಂಡ ಅತಿಮಾನುಷ ನಾಯಕ ನಾಯಕಿಯರ ಲೋಕವು ದಶಕಗಳ ಕಾಲ ಬಹುಮಟ್ಟಿಗೆ ಬಿಳಿಯರ ಲೋಕವಾಗಿಯೇ ಉಳಿದಿತ್ತು. ಅದರೊಳಗೆ ಕಪ್ಪು ಮಹಿಳೆಯೊಬ್ಬಳು ಕೇಂದ್ರ ಪಾತ್ರವಾಗಿ ನೆಲೆನಿಂತದ್ದು 1975ರಲ್ಲಿ ಮಾರ್ವೆಲ್ ಪ್ರಕಾಶನವು ಹೊರತಂದ ‘ಜೈಂಟ್ ಸೈಜ್ ಎಕ್ಸ್-ಮೆನ್’ ಸಂಚಿಕೆಯ ಓರೋರೋ ಮನ್ರೋ ಅಥವಾ ‘ಸ್ಟಾರ್ಮ್’ ಪಾತ್ರದ ಮೂಲಕ.

ಗಾಳಿ, ಮಳೆ, ಮಿಂಚುಗಳನ್ನು ಆಳಬಲ್ಲ ಈ ಪಾತ್ರಕ್ಕೆ 2025ರಲ್ಲಿ ಐವತ್ತು ವರ್ಷಗಳು ತುಂಬಿದವು. ಆಕೆಯನ್ನು ಕುರಿತ ಪ್ರಶಂಸೆ ಸಾಮಾನ್ಯವಾಗಿ ‘ಮೊದಲಿಗಳು’ ಎಂಬ ಒಂದೇ ಮಾತಿನಲ್ಲಿ ಮುಗಿದುಬಿಡುತ್ತದೆ. ಆದರೆ ಮೊದಲಿಗಳೆಂಬುದು ಕಾಲಾನುಕ್ರಮದ ಸಂಗತಿಯೇ ಹೊರತು ಸಾಹಿತ್ಯಿಕ ಮೌಲ್ಯವಲ್ಲ. ಆಕೆಗೆ ದತ್ತವಾದ ಬಲ ಯಾವ ಬಗೆಯದು, ಅದು ಎಲ್ಲಿಂದ ಬಂದದ್ದು, ಅದು ಇಲ್ಲವಾದಾಗ ಉಳಿಯುವುದೇನು ಎಂಬ ಪ್ರಶ್ನೆಗಳು ಹೆಚ್ಚು ಮುಖ್ಯವಾದುವು. ಈ ಪಾತ್ರದ ಶಕ್ತಿಯು ಪ್ರಕೃತಿಯಿಂದ ಬಂದದ್ದು. ಆಕೆಯ ಗಾಯವು ಚರಿತ್ರೆಯಿಂದ ಬಂದದ್ದು. ಇವೆರಡರ ನಡುವಿನ ಸೆಳೆತವೇ ಪಾತ್ರದ ಜೀವಾಳವೆಂಬುದನ್ನೂ, ಆಕೆ ನಿಜವಾದ ಅರ್ಥದಲ್ಲಿ ನಾಯಕಿಯಾಗುವುದು ದೈವಿಕ ಬಲದಿಂದಲ್ಲ, ಆ ಬಲದಿಂದ ಕಳಚಿಕೊಂಡ ಘಟ್ಟಗಳಲ್ಲಿ ಎಂಬುದನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2

ಸ್ಟಾರ್ಮ್‌ಗಿಂತ ಮುಂಚಿನ ಪರಿಸ್ಥಿತಿಯನ್ನು ಗಮನಿಸದೆ ಆಕೆಯ ಮಹತ್ವವನ್ನು ಅಳೆಯಲಾಗದು. ಅಮೆರಿಕೆಯ ಕಪ್ಪು ಓದುಗರ ಪತ್ರಿಕೆಗಳಲ್ಲಿ ಕಪ್ಪು ಮಹಿಳೆಯ ಚಿತ್ರಕಥೆಗೆ ಇನ್ನೂ ಹಳೆಯ ಪರಂಪರೆಯಿದೆ. ಜಾಕಿ ಓರ್ಮ್ಸ್ ಎಂಬ ಕಪ್ಪು ಚಿತ್ರಕಾರ್ತಿ 1937ರಲ್ಲಿಯೇ ‘ಪಿಟ್ಸ್‌ಬರ್ಗ್ ಕೊರಿಯರ್’ ವಾರಪತ್ರಿಕೆಯಲ್ಲಿ ‘ಟಾರ್ಚಿ ಬ್ರೌನ್’ ಎಂಬ ಮಾಲಿಕೆಯನ್ನು ಆರಂಭಿಸಿದ್ದರು. ಮಿಸಿಸಿಪಿಯಿಂದ ನ್ಯೂಯಾರ್ಕಿಗೆ ಬರುವ ಯುವತಿಯ ಈ ಕಥೆಯಲ್ಲಿ ಅತಿಮಾನುಷವಾದುದು ಏನೂ ಇರಲಿಲ್ಲ; ಆದರೆ ಕಪ್ಪು ಹೆಣ್ಣಿನ ಅನುಭವವು ಆಕೆಯದೇ ಸಮುದಾಯದ ಲೇಖನಿಯಿಂದ ಮೂಡಿತ್ತು. ಮುಖ್ಯಧಾರೆಯ ಕಾಮಿಕ್ಸ್ ಉದ್ಯಮ ಈ ಪರಂಪರೆಯನ್ನು ಗಣನೆಗೆ ತೆಗೆದುಕೊಳ್ಳಲೇ ಇಲ್ಲ.

ಆ ಉದ್ಯಮದ ಮನೋಧರ್ಮವನ್ನು ಅರಿಯಲು ಒಂದು ಪ್ರಸಂಗವನ್ನು ನೆನೆಯಬಹುದು. 1954ರಲ್ಲಿ ಪ್ರಕಾಶಕರು ತಾವಾಗಿಯೇ ಕಾಮಿಕ್ಸ್ ನೀತಿಸಂಹಿತೆಯೊಂದನ್ನು ರೂಪಿಸಿಕೊಂಡರು. ಇ.ಸಿ. ಸಂಸ್ಥೆಯು ‘ಜಡ್ಜ್‌ಮೆಂಟ್ ಡೇ’ ಎಂಬ ತನ್ನ ಹಳೆಯ ಕಥೆಯನ್ನು 1956ರ ಸಂಚಿಕೆಯೊಂದಕ್ಕಾಗಿ ಮರುಮುದ್ರಿಸಲು ಹೊರಟಾಗ, ಕಥೆಯ ಕೊನೆಯಲ್ಲಿ ಬರುವ ಗಗನಯಾತ್ರಿ ಕಪ್ಪು ವರ್ಣದವನೆಂಬ ಕಾರಣಕ್ಕೆ ಸಂಹಿತೆಯ ಅಧಿಕಾರಿ ಆಕ್ಷೇಪಿಸಿದರು. ಪ್ರಕಾಶಕ ವಿಲಿಯಂ ಗೇನ್ಸ್ ಮಣಿಯದೆ ಕಥೆಯನ್ನು ಇದ್ದಂತೆಯೇ ಅಚ್ಚು ಮಾಡಿದರು. ಒಬ್ಬ ಕಪ್ಪು ಮನುಷ್ಯನು ಬೆವರಿದ ಮುಖದೊಡನೆ ಒಂದು ಚೌಕಟ್ಟಿನಲ್ಲಿ ಗೌರವಯುತವಾಗಿ ಕಾಣಿಸಿಕೊಳ್ಳುವುದೂ ವಿವಾದವಾಗಬಹುದಾಗಿದ್ದ ಕಾಲವದು.

ನಾಗರಿಕ ಹಕ್ಕುಗಳ ಚಳವಳಿಯ ಪರಿಣಾಮವಾಗಿ 1960ರ ದಶಕದಲ್ಲಿ ಈ ಲೋಕದ ಬಾಗಿಲು ಸ್ವಲ್ಪ ತೆರೆಯಿತು. 1966ರಲ್ಲಿ ‘ಬ್ಲ್ಯಾಕ್ ಪ್ಯಾಂಥರ್’, 1969ರಲ್ಲಿ ‘ಫಾಲ್ಕನ್’, 1972ರಲ್ಲಿ ‘ಲ್ಯೂಕ್ ಕೇಜ್’ ಕಾಣಿಸಿಕೊಂಡರು. ಇವರೆಲ್ಲರೂ ಪುರುಷರೇ. ಕಪ್ಪು ಅತಿಮಾನುಷ ನಾಯಕಿಯ ಮೊದಲ ಮಾದರಿಯಾಗಿ 1971ರಲ್ಲಿ ಸ್ಕೈವಾಲ್ಡ್ ಸಂಸ್ಥೆಯ ‘ಹೆಲ್-ರೈಡರ್’ ಪತ್ರಿಕೆಯಲ್ಲಿ ಬಂದ ‘ಬಟರ್‌ಫ್ಲೈ’ ಎಂಬ ಪಾತ್ರವನ್ನು ಗುರುತಿಸಲಾಗುತ್ತದೆ. ಆದರೆ ಆ ಪತ್ರಿಕೆ ಎರಡು ಸಂಚಿಕೆಗಳಿಗೇ ನಿಂತುಹೋಯಿತು. 1973ರಲ್ಲಿ ಡಿ.ಸಿ. ಸಂಸ್ಥೆಯು ‘ವಂಡರ್ ವುಮನ್’ಳ ಕಪ್ಪು ಸೋದರಿಯಾಗಿ ‘ನೂಬಿಯಾ’ಳನ್ನು ಸೃಷ್ಟಿಸಿತಾದರೂ ಆಕೆಯೂ ಬೇಗನೆ ಹಿನ್ನೆಲೆಗೆ ಸರಿದಳು. ಆದ್ದರಿಂದ ಸ್ಟಾರ್ಮ್ ಅಕ್ಷರಶಃ ಮೊದಲಿಗಳಲ್ಲ. ಕಪ್ಪು ಮಹಿಳೆಯೊಬ್ಬಳು ದೊಡ್ಡ ಸರಣಿಯೊಂದರಲ್ಲಿ ವರ್ಷಾನುಗಟ್ಟಲೆ ನಿಂತು, ಬೆಳೆದು, ಬದಲಾಗುವ ಅವಕಾಶ ಪಡೆದದ್ದು ಆಕೆಯ ಮೂಲಕ ಎಂಬುದೇ ಇಲ್ಲಿ ಗಮನಾರ್ಹವಾದುದು.

3

ಸ್ಟಾರ್ಮ್ ಪಾತ್ರದ ಸೃಷ್ಟಿಕರ್ತರು ಲೇಖಕ ಲೆನ್ ವೈನ್ ಹಾಗೂ ಚಿತ್ರಕಾರ ಡೇವ್ ಕಾಕ್ರಮ್. 1963ರಲ್ಲಿ ಆರಂಭವಾಗಿ, 1970ರಿಂದ ಹಳೆಯ ಕಥೆಗಳ ಮರುಮುದ್ರಣದಲ್ಲಿಯೇ ಕಾಲ ತಳ್ಳುತ್ತಿದ್ದ ‘ಎಕ್ಸ್-ಮೆನ್’ ಸರಣಿಗೆ ಹೊಸ ಜೀವ ತುಂಬಲು ವಿವಿಧ ದೇಶಗಳ ಪಾತ್ರಗಳ ತಂಡವೊಂದನ್ನು ಕಟ್ಟಲಾಯಿತು. ಜರ್ಮನಿ, ಕೆನಡಾ, ಸೋವಿಯತ್ ಒಕ್ಕೂಟ, ಜಪಾನ್, ಐರ್ಲೆಂಡ್, ಅಮೆರಿಕೆಯ ಅಪಾಚೆ ಸಮುದಾಯಗಳಿಂದ ಬಂದ ಪುರುಷರ ಜೊತೆಗೆ ಆಫ್ರಿಕದಿಂದ ಬಂದವಳು ಓರೋರೋ. ಹೊಸದಾಗಿ ಸೇರಿದವರಲ್ಲಿ ಆಕೆಯೊಬ್ಬಳೇ ಹೆಣ್ಣು. ಕಾಕ್ರಮ್ ಮೊದಲು ಯೋಚಿಸಿದ್ದು ಬೆಕ್ಕಿನ ರೂಪ ತಾಳಬಲ್ಲ ಕಪ್ಪು ಯುವತಿಯನ್ನು. ಅಂತಹ ಪಾತ್ರಗಳು ಅಷ್ಟರಲ್ಲಿ ಬೇರೆಡೆ ಬಂದುಬಿಟ್ಟಿದ್ದರಿಂದ ಆ ಕಲ್ಪನೆಯನ್ನು ಕೈಬಿಟ್ಟು ಹವಾಮಾನವನ್ನು ಆಳುವ ಶಕ್ತಿಯನ್ನು ಆಕೆಗೆ ನೀಡಲಾಯಿತು. ಮೃಗದ ರೂಪದಿಂದ ಮುಗಿಲಿನ ರೂಪಕ್ಕೆ ಆದ ಈ ಬದಲಾವಣೆ ಆಕಸ್ಮಿಕವೇ ಆಗಿದ್ದರೂ ಅದರ ಫಲ ದೊಡ್ಡದು. ಕಪ್ಪು ದೇಹವನ್ನು ಮೃಗತ್ವದೊಡನೆ ಜೋಡಿಸುವ ಹಳೆಯ ಜನಾಂಗೀಯ ರೂಢಿಯಿಂದ ಪಾತ್ರವು ಪಾರಾಯಿತು.

ಆದರೆ ಒಂದು ರೂಢಿಯಿಂದ ಪಾರಾದ ಪಾತ್ರ ಇನ್ನೊಂದು ರೂಢಿಯೊಳಗೆ ಪ್ರವೇಶಿಸಿತು. ಮೊದಲ ಸಂಚಿಕೆಯಲ್ಲಿ ಓರೋರೋ ಕೆನ್ಯಾದ ಬಯಲಿನಲ್ಲಿ ದೇವತೆಯಾಗಿ ಕಾಣಿಸಿಕೊಳ್ಳುತ್ತಾಳೆ. ಬರದಿಂದ ಬಳಲಿದ ಜನರು ಮೊರೆಯಿಡುತ್ತಾರೆ, ಆಕೆ ಮಳೆ ತರಿಸುತ್ತಾಳೆ. ಆಕೆಯ ಉದ್ದನೆಯ ಬಿಳಿಯ ಕೂದಲೇ ಬಹುಮಟ್ಟಿಗೆ ಆಕೆಯ ಉಡುಪು. ಆಗ ಅಲ್ಲಿಗೆ ಬರುವ ಅಮೆರಿಕೆಯ ಬಿಳಿಯ ಪ್ರಾಧ್ಯಾಪಕ ಜೇವಿಯರ್, ಆಕೆ ದೇವತೆಯಲ್ಲ, ‘ಮ್ಯೂಟೆಂಟ್’ ಎಂದರೆ ಹುಟ್ಟಿನಿಂದಲೇ ವಿಶೇಷ ಶಕ್ತಿ ಪಡೆದ ಮನುಷ್ಯಳು ಎಂದು ತಿಳಿಸಿ, ತನ್ನೊಡನೆ ಬರುವಂತೆ ಕರೆಯುತ್ತಾನೆ.

ಈ ದೃಶ್ಯವು ದ್ವಂದ್ವಾರ್ಥಗಳಿಂದ ಕೂಡಿದೆ. ಒಂದು ನೆಲೆಯಿಂದ ನೋಡಿದರೆ ಇದು ಮನುಷ್ಯತ್ವಕ್ಕೆ ಬಂದ ಆಹ್ವಾನ. ಪೂಜೆಗೊಳ್ಳುವವರಿಗೆ ಗೆಳೆಯರಿರುವುದಿಲ್ಲ, ತಪ್ಪು ಮಾಡುವ ಸ್ವಾತಂತ್ರ್ಯವೂ ಇರುವುದಿಲ್ಲ. ಪೀಠದಿಂದ ಇಳಿಯುವುದೆಂದರೆ ಬದುಕಿಗೆ ಇಳಿಯುವುದು. ಇನ್ನೊಂದು ನೆಲೆಯಿಂದ ನೋಡಿದರೆ, ಹೊರಗಿನಿಂದ ಬಂದ ಬಿಳಿಯ ಗುರುವೊಬ್ಬ ಆಫ್ರಿಕದ ಹೆಣ್ಣಿಗೆ ಆಕೆಯ ನಿಜಸ್ವರೂಪವನ್ನು ತಾನೇ ತಿಳಿಸಿಕೊಡುವ ಈ ವಿನ್ಯಾಸವು ವಸಾಹತುಶಾಹಿ ಕಥನಗಳಿಗೆ ತೀರ ಪರಿಚಿತವಾದದ್ದು. ಕೆನ್ಯಾ ಸ್ವತಂತ್ರವಾದದ್ದು 1963ರಲ್ಲಿ. ಹನ್ನೆರಡು ವರ್ಷಗಳ ನಂತರವೂ ಈ ಚಿತ್ರಕಥೆಯ ಕೆನ್ಯಾದಲ್ಲಿ ನಗರವಿಲ್ಲ, ಶಾಲೆಯಿಲ್ಲ, ಸರ್ಕಾರವಿಲ್ಲ. ಗುಡಿಸಲು, ಬಯಲು, ಪ್ರಾರ್ಥನೆಗಳು ಮಾತ್ರ ಇವೆ. ನಾಯಕಿಗೆ ದೈವತ್ವವನ್ನು ಕೊಡಲಾಯಿತು; ಆಕೆಯ ನಾಡಿಗೆ ಚರಿತ್ರೆಯನ್ನು ನಿರಾಕರಿಸಲಾಯಿತು.

ಪಾತ್ರದ ರೂಪವಿನ್ಯಾಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬಿಳಿಯ ಕೂದಲು, ನೀಲಿಯ ಕಣ್ಣು, ಕಪ್ಪು ಮೈಬಣ್ಣಗಳ ಸಂಯೋಜನೆಯು ಆಕೆಯನ್ನು ಅನನ್ಯಳನ್ನಾಗಿಸಿತು. ಜೊತೆಗೆ ಯಾವುದೇ ನಿರ್ದಿಷ್ಟ ಸಮುದಾಯಕ್ಕೆ ಸೇರದವಳನ್ನಾಗಿಯೂ ಮಾಡಿತು. ಬಿಳಿಯ ಕೂದಲಿನಿಂದ ಆಕೆ ಮುದುಕಿಯಂತೆ ಕಂಡಾಳು ಎಂಬ ಆಕ್ಷೇಪ ಬಂದಿತ್ತೆಂದು ಕಾಕ್ರಮ್ ನೆನಪಿಸಿಕೊಂಡಿದ್ದಾರೆ. ಆಕ್ಷೇಪ ಸುಳ್ಳಾಯಿತು, ರೂಪವು ಜನಪ್ರಿಯವಾಯಿತು. ಆದರೆ ಆ ಚೆಲುವು ಅಮೆರಿಕೆಯ ಬೀದಿಯಲ್ಲಿ ಓದುಗರು ನಿತ್ಯ ಕಾಣುವ ಕಪ್ಪು ಮಹಿಳೆಯ ಚೆಲುವಾಗಿರಲಿಲ್ಲ ಎಂಬುದನ್ನೂ ಒಪ್ಪಬೇಕಾಗುತ್ತದೆ.

4

1975ರಿಂದ 1991ರವರೆಗೆ ಈ ಸರಣಿಯನ್ನು ನಿರಂತರವಾಗಿ ಬರೆದ ಕ್ರಿಸ್ ಕ್ಲೇರ್‌ಮಾಂಟ್ ಅವರು ಈ ಕೊರತೆಯನ್ನು ಮನಗಂಡಂತೆ ತೋರುತ್ತದೆ. 1976ರಲ್ಲಿ ಬಂದ 102ನೆಯ ಸಂಚಿಕೆಯಲ್ಲಿ ಅವರು ಓರೋರೋಳಿಗೆ ಜನ್ಮವೃತ್ತಾಂತವೊಂದನ್ನು ರಚಿಸಿದರು. ಅದರಂತೆ ಆಕೆ ಹುಟ್ಟಿದ್ದು ಕೆನ್ಯಾದಲ್ಲಲ್ಲ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ತಾಯಿ ಎನ್‌ಡಾರೆ ಕೆನ್ಯಾದ ರಾಜವಂಶದವಳು. ತಂದೆ ಡೇವಿಡ್ ಮನ್ರೋ ಆಫ್ರಿಕನ್-ಅಮೆರಿಕನ್ ಪತ್ರಿಕಾ ಛಾಯಾಗ್ರಾಹಕ. ಕುಟುಂಬ ಕೈರೋ ನಗರದಲ್ಲಿ ನೆಲೆಸಿದ್ದಾಗ, 1956ರ ಸೂಯೆಜ್ ಬಿಕ್ಕಟ್ಟಿನ ಸಂದರ್ಭದಲ್ಲಿ, ಯುದ್ಧವಿಮಾನವೊಂದು ಅವರ ಮನೆಯ ಮೇಲೆ ಬೀಳುತ್ತದೆ. ತಂದೆತಾಯಿಗಳು ಸಾಯುತ್ತಾರೆ. ಮಗು ತಾಯಿಯ ಶವದ ಪಕ್ಕದಲ್ಲಿ ಅವಶೇಷಗಳಡಿ ಸಿಲುಕಿಕೊಳ್ಳುತ್ತದೆ. ಇಕ್ಕಟ್ಟಾದ, ಮುಚ್ಚಿದ ಜಾಗಗಳ ಕುರಿತ ಭಯವು ಆಕೆಯಲ್ಲಿ ಶಾಶ್ವತವಾಗಿ ಉಳಿಯುವುದು ಈ ಘಟನೆಯಿಂದ. ಅನಾಥೆಯಾದ ಆಕೆ ಕೈರೋದ ಬೀದಿಗಳಲ್ಲಿ ಕಳ್ಳತನ ಕಲಿತು ಬೆಳೆದು, ಅನಂತರ ದಕ್ಷಿಣಕ್ಕೆ ನಡೆಯುತ್ತ ತಾಯಿಯ ನಾಡನ್ನು ಸೇರುತ್ತಾಳೆ.

ಕಥನದ ದೃಷ್ಟಿಯಿಂದ ಇದು ಬಹುಮುಖ್ಯವಾದ ತಿರುವು. ಸೂಪರ್‌ಮ್ಯಾನ್‌ನ ಬಲವನ್ನು ಕುಂದಿಸುವುದು ಅವನ ಗ್ರಹದಿಂದ ಬಂದ ಕಲ್ಪಿತ ಖನಿಜ. ಓರೋರೋಳನ್ನು ಕುಂದಿಸುವುದು ಮಾತ್ರ ಇಸವಿಯುಳ್ಳ, ಭೂಪಟದಲ್ಲಿ ಗುರುತಿಸಬಹುದಾದ, ಸಾಮ್ರಾಜ್ಯಶಾಹಿಯ ಅವಸಾನಕಾಲದ ಒಂದು ಯುದ್ಧ. ಕಾಲುವೆಯೊಂದರ ಒಡೆತನಕ್ಕಾಗಿ ಬ್ರಿಟನ್, ಫ್ರಾನ್ಸ್ ಮತ್ತು ಇಸ್ರೇಲ್‌ಗಳು ಈಜಿಪ್ಟಿನ ಮೇಲೆ ನಡೆಸಿದ ಆಕ್ರಮಣವು ಒಂದು ಕಪ್ಪು ಮಗುವಿನ ಉಸಿರಿನ ಮೇಲೆ ಕುಳಿತುಬಿಡುತ್ತದೆ. ಐರ್ಲೆಂಡಿನ ಕೋಟೆಯೊಂದರ ಇಕ್ಕಟ್ಟಿನಲ್ಲಿ, ಶತ್ರುಗಳ ನಡುವೆ, ಬಿರುಗಾಳಿಯನ್ನೇ ಕರೆಯಬಲ್ಲವಳು ಮಗುವಿನಂತೆ ಕುಸಿದುಬೀಳುವ ದೃಶ್ಯದಲ್ಲಿ ಈ ವೈರುಧ್ಯವು ಪೂರ್ಣವಾಗಿ ಪ್ರಕಟವಾಗುತ್ತದೆ. ಆಕಾಶವು ಆಕೆಯದು, ಆದರೆ ನಾಲ್ಕು ಗೋಡೆಗಳ ನಡುವೆ ಚರಿತ್ರೆ ಕಾದು ಕುಳಿತಿದೆ. ಮೊದಲ ಸಂಚಿಕೆಯು ನಿರಾಕರಿಸಿದ್ದ ಚರಿತ್ರೆಯು ಹೀಗೆ ಗಾಯದ ರೂಪದಲ್ಲಿ ಪಾತ್ರದೊಳಗೆ ಮರಳಿ ಬಂದಿತು.

ಆದಾಗ್ಯೂ ಹಾರ್ಲೆಮ್ ಮಾತ್ರ ಈ ಕಥನದಲ್ಲಿ ಕೇವಲ ಜನ್ಮಸ್ಥಳವಾಗಿಯೇ ಉಳಿಯಿತು. 1979ರ 122ನೆಯ ಸಂಚಿಕೆಯಲ್ಲಿ ಸ್ಟಾರ್ಮ್ ತನ್ನ ತಂದೆತಾಯಿಗಳು ವಾಸಿಸಿದ್ದ ಹಾರ್ಲೆಮ್‌ನ ಮನೆಯನ್ನು ಹುಡುಕಿಕೊಂಡು ಹೋಗುತ್ತಾಳೆ. ಅಲ್ಲಿ ಆಕೆಗೆ ಎದುರಾಗುವವರು ಮಾದಕ ವಸ್ತುಗಳಿಗೆ ದಾಸರಾದ ಎಳೆಯರು. ಅವರು ಆಕೆಯ ಮೇಲೆ ಎರಗುತ್ತಾರೆ. ಲ್ಯೂಕ್ ಕೇಜ್ ಮತ್ತು ಮಿಸ್ಟಿ ನೈಟ್ ಎಂಬ ಹಾರ್ಲೆಮ್‌ನ ಪಾತ್ರಗಳು ನೆರವಿಗೆ ಬರುತ್ತಾರೆ. ಎಳೆಯರ ಬಗ್ಗೆ ಲೇಖಕರ ಅನುಕಂಪ ಪ್ರಾಮಾಣಿಕವಾದುದೇ. ಆದರೆ ಒಂದು ಶತಮಾನದ ಸಂಗೀತ, ಸಾಹಿತ್ಯ, ರಾಜಕೀಯ ಚಿಂತನೆಗಳ ತವರಾಗಿದ್ದ ನೆರೆಹೊರೆಯು ಇಲ್ಲಿ ಪಾಳುಬಿದ್ದ ಒಂದು ಕೋಣೆಗೆ ಸಂಕುಚಿತವಾಗಿದೆ. ನಾಯಕಿ ತನ್ನದೇ ಜನರ ನಡುವೆ ಪರಕೀಯಳಾಗಿ ಬಂದು ದುಃಖಿಸಿ ಹಿಂತಿರುಗುತ್ತಾಳೆ. ಕೆನ್ಯಾದ ಬಯಲಿನಲ್ಲಿ ಪೂಜೆಗೊಳ್ಳಬಲ್ಲವಳಿಗೆ ಹಾರ್ಲೆಮ್‌ನಲ್ಲಿ ಒಬ್ಬ ಗೆಳತಿಯೂ, ಒಬ್ಬ ನೆಂಟಳೂ ದೊರೆಯದಿರುವುದು ಪಾತ್ರದ ದೌರ್ಬಲ್ಯವಲ್ಲ, ಕಥನದ ದೌರ್ಬಲ್ಯ.

5

ಸ್ಟಾರ್ಮ್ ಪಾತ್ರದ ಅತ್ಯಂತ ಸತ್ವಶಾಲಿ ಘಟ್ಟವೆಂದರೆ 1980ರಿಂದ 1986ರವರೆಗಿನದು. 1980ರಲ್ಲಿ ತಂಡದ ನಾಯಕನಾದ ಸೈಕ್ಲಾಪ್ಸ್ ನಿರ್ಗಮಿಸಿದ ಮೇಲೆ ಆಕೆ ‘ಎಕ್ಸ್-ಮೆನ್’ ತಂಡದ ನಾಯಕಿಯಾಗುತ್ತಾಳೆ. ಅಮೆರಿಕೆಯ ಅತ್ಯಂತ ಜನಪ್ರಿಯ ಚಿತ್ರಕಥಾ ಸರಣಿಗಳಲ್ಲಿ ಒಂದಾಗಿ ಬೆಳೆಯುತ್ತಿದ್ದ ಪತ್ರಿಕೆಯಲ್ಲಿ, ಬಿಳಿಯ ಪುರುಷರೂ ಇದ್ದ ತಂಡಕ್ಕೆ ಕಪ್ಪು ಮಹಿಳೆಯೊಬ್ಬಳು ಆಜ್ಞೆ ನೀಡುವುದು ತಿಂಗಳು ತಿಂಗಳೂ ಸಹಜ ಸಂಗತಿಯೆಂಬಂತೆ ನಡೆಯಿತು. ಆ ಸಹಜತೆಯಲ್ಲಿಯೇ ಅದರ ಕ್ರಾಂತಿಕಾರಕತೆ ಅಡಗಿದೆ.

ನಾಯಕತ್ವದ ಬೆಲೆಯನ್ನು 1983ರ 170ನೆಯ ಸಂಚಿಕೆಯು ಮನಗಾಣಿಸುತ್ತದೆ. ನ್ಯೂಯಾರ್ಕ್ ನಗರದಡಿಯ ಸುರಂಗಗಳಲ್ಲಿ ಸಮಾಜದಿಂದ ಬಹಿಷ್ಕೃತರಾದ ‘ಮಾರ್ಲಾಕ್’ ಎಂಬ ಮ್ಯೂಟೆಂಟ್ ಸಮುದಾಯ ವಾಸಿಸುತ್ತದೆ. ತನ್ನವರನ್ನು ಬಿಡಿಸಿಕೊಳ್ಳಲು ಸ್ಟಾರ್ಮ್ ಅವರ ಒಡತಿ ಕ್ಯಾಲಿಸ್ಟೊಳೊಡನೆ ಚೂರಿಯ ದ್ವಂದ್ವಯುದ್ಧಕ್ಕೆ ನಿಲ್ಲುತ್ತಾಳೆ. ಆ ಯುದ್ಧದಲ್ಲಿ ಮಿಂಚಿಲ್ಲ, ಮಳೆಯಿಲ್ಲ. ಜೀವಹತ್ಯೆ ಮಾಡಲಾರೆನೆಂದು ಪ್ರತಿಜ್ಞೆ ಮಾಡಿದ್ದವಳು ಎದುರಾಳಿಯ ಎದೆಗೆ ಚೂರಿಯಿಕ್ಕುತ್ತಾಳೆ. ಕ್ಯಾಲಿಸ್ಟೊ ಬದುಕುಳಿಯುತ್ತಾಳೆ, ಆದರೆ ಸ್ಟಾರ್ಮ್‌ಳ ಹಳೆಯ ನಿಷ್ಕಳಂಕತೆ ಉಳಿಯುವುದಿಲ್ಲ. ಇಲ್ಲಿ ವಿಮರ್ಶಕರು ಸಾಕಷ್ಟು ಗಮನಿಸದ ಸೂಕ್ಷ್ಮವೊಂದಿದೆ. ಮುಚ್ಚಿದ ಜಾಗವೆಂದರೆ ನಡುಗುವವಳು ನೆಲದಡಿಯ ಸುರಂಗವಾಸಿಗಳಿಗೆ ನಾಯಕಿಯಾಗುತ್ತಾಳೆ. ಆಕಾಶಚಾರಿಣಿಯಾದ ದೇವತೆಯು ತನ್ನ ಭಯದ ನೆಲೆಗೇ ಇಳಿದು, ಅಲ್ಲಿಯ ಬಹಿಷ್ಕೃತರ ಹೊಣೆ ಹೊರುತ್ತಾಳೆ. ಅದೇ ವರ್ಷದ 173ನೆಯ ಸಂಚಿಕೆಯಲ್ಲಿ ಆಕೆ ಜಪಾನಿನಲ್ಲಿ ಉದ್ದನೆಯ ಕೂದಲನ್ನು ಕತ್ತರಿಸಿಕೊಂಡು, ತಲೆಯ ನಡುವೆ ಮಾತ್ರ ಕೂದಲುಳಿಸಿ, ಕಪ್ಪು ಚರ್ಮದ ಉಡುಪು ಧರಿಸಿ ಬರುತ್ತಾಳೆ. ಪಾಲ್ ಸ್ಮಿತ್ ರಚಿಸಿದ ಈ ರೂಪವನ್ನು ಫ್ಯಾಶನ್ನಿನ ಸಂಗತಿಯೆಂದು ತಳ್ಳಿಹಾಕಲಾಗದು. ಮೊದಲ ಸಂಚಿಕೆಯಲ್ಲಿ ಆಕೆಯ ದೈವತ್ವದ ಉಡುಪೇ ಆಗಿದ್ದ ಕೂದಲನ್ನು ಆಕೆ ತಾನಾಗಿಯೇ ತ್ಯಜಿಸಿದ್ದಾಳೆ.

1984ರಲ್ಲಿ ಈ ತ್ಯಾಗವು ಬಲವಂತದ ನಷ್ಟವಾಗಿ ಮುಂದುವರಿಯುತ್ತದೆ. ಸರ್ಕಾರಿ ಅಧಿಕಾರಿಯೊಬ್ಬ ಹಾರಿಸಿದ ಅಸ್ತ್ರದಿಂದ ಸ್ಟಾರ್ಮ್ ತನ್ನ ಶಕ್ತಿಯನ್ನು ಪೂರ್ತಿಯಾಗಿ ಕಳೆದುಕೊಳ್ಳುತ್ತಾಳೆ. 186ನೆಯ ಸಂಚಿಕೆಯಾಗಿ ಬಂದ, ಬ್ಯಾರಿ ವಿಂಡ್ಸರ್-ಸ್ಮಿತ್ ಚಿತ್ರಿಸಿದ ‘ಲೈಫ್‌ಡೆತ್’ ಎಂಬ ಕಥೆಯಲ್ಲಿ ಯುದ್ಧವೆಂಬುದು ಬಹುತೇಕ ಇಲ್ಲವೇ ಇಲ್ಲ. ಒಂದು ಮನೆ, ಇಬ್ಬರು ಮನುಷ್ಯರು, ಮೌನ, ಮಾತು. ತನ್ನನ್ನು ಉಪಚರಿಸುತ್ತಿರುವ, ತಾನು ಪ್ರೀತಿಸತೊಡಗಿರುವ ಫೋರ್ಜ್ ಎಂಬ ಷೆಯೆನ್ ಸಮುದಾಯದ ತಂತ್ರಜ್ಞನೇ ಆ ಅಸ್ತ್ರದ ನಿರ್ಮಾತೃವೆಂದು ಅರಿತಾಗ ಆಕೆ ಆ ಮನೆಯಿಂದ ಹೊರನಡೆಯುತ್ತಾಳೆ. 1985ರ ‘ಲೈಫ್‌ಡೆತ್’ ಎರಡನೆಯ ಭಾಗದಲ್ಲಿ ಆಕೆ ಮತ್ತೆ ಆಫ್ರಿಕದಲ್ಲಿದ್ದಾಳೆ, ಮತ್ತೆ ಬರದ ಹಳ್ಳಿಯಲ್ಲಿದ್ದಾಳೆ. ಆದರೆ ಈ ಬಾರಿ ಮಳೆ ಕರೆಯುವ ಶಕ್ತಿಯಿಲ್ಲ. ಆಕೆ ಗರ್ಭಿಣಿಯೊಬ್ಬಳ ಹೆರಿಗೆಗೆ ನೆರವಾಗುತ್ತಾಳೆ. ಹತ್ತು ವರ್ಷಗಳ ಹಿಂದಿನ ದೃಶ್ಯದಲ್ಲಿ ಜನರು ಕೆಳಗೆ, ದೇವತೆ ಮೇಲೆ ಇದ್ದರು. ಇಲ್ಲಿ ಓರೋರೋ ಅವರೊಡನೆ ಅದೇ ನೆಲದ ಮೇಲೆ ಮಂಡಿಯೂರಿದ್ದಾಳೆ. ಆಫ್ರಿಕದ ಚಿತ್ರಣವು ಇಲ್ಲಿಯೂ ಹಳ್ಳಿಗೇ ಸೀಮಿತವಾಗಿದ್ದರೂ, ಪೂಜಕ ಮತ್ತು ಪೂಜಿತರ ಸಂಬಂಧ ಅಳಿದು ಮನುಷ್ಯ ಸಂಬಂಧ ಉಳಿದಿರುವುದು ಕಥನವು ಸಾಧಿಸಿದ ಪಕ್ವತೆ.

1986ರ 201ನೆಯ ಸಂಚಿಕೆಯು ಈ ಬೆಳವಣಿಗೆಯ ತಾರ್ಕಿಕ ಫಲಶ್ರುತಿ. ತಂಡದ ನಾಯಕತ್ವಕ್ಕಾಗಿ ಸೈಕ್ಲಾಪ್ಸ್ ಮತ್ತು ಸ್ಟಾರ್ಮ್ ಸ್ಪರ್ಧಿಸುತ್ತಾರೆ. ಆತನ ಕಣ್ಣುಗಳಲ್ಲಿ ವಿನಾಶಕಾರಿ ಕಿರಣಗಳಿವೆ. ಆಕೆಗೆ ಯಾವ ಅತಿಮಾನುಷ ಶಕ್ತಿಯೂ ಇಲ್ಲ. ಆದರೂ ಆಕೆ ತಾಳ್ಮೆ, ಲೆಕ್ಕಾಚಾರ, ದೇಹದ ಶಿಸ್ತುಗಳಿಂದ ಗೆಲ್ಲುತ್ತಾಳೆ. ನಾಯಕತ್ವವು ವರವಲ್ಲ, ಅರ್ಹತೆ ಎಂಬ ಮಾತನ್ನು ಕಥನವು ಯಾವ ಭಾಷಣವೂ ಇಲ್ಲದೆ ಸ್ಥಾಪಿಸುತ್ತದೆ. 1988ರಲ್ಲಿ ಶಕ್ತಿ ಮರಳಿ ಬಂದಾಗ ಅದು ಆಕೆಯ ವ್ಯಕ್ತಿತ್ವಕ್ಕೆ ಸೇರಿದ ಒಂದು ಅಂಶವಾಗಿತ್ತೇ ವಿನಾ ವ್ಯಕ್ತಿತ್ವದ ಆಧಾರವಾಗಿರಲಿಲ್ಲ.

6

ಈ ಸಾಧನೆಯ ಮಿತಿಗಳನ್ನೂ ಚರ್ಚಿಸುವುದು ಅಗತ್ಯ. ‘ಎಕ್ಸ್-ಮೆನ್’ ಕಥೆಗಳಲ್ಲಿ ‘ಮ್ಯೂಟೆಂಟ್’ ಎಂಬುದು ಜನಾಂಗೀಯ ದ್ವೇಷಕ್ಕೆ ಗುರಿಯಾದವರ ರೂಪಕ. 1982ರ ‘ಗಾಡ್ ಲವ್ಸ್, ಮ್ಯಾನ್ ಕಿಲ್ಸ್’ ಕೃತಿಯು ಇಬ್ಬರು ಕಪ್ಪು ಮಕ್ಕಳ ಹತ್ಯೆಯಿಂದಲೇ ಆರಂಭವಾಗುತ್ತದೆ. ಆದರೆ ಕಥೆಯೊಳಗೆ ಅವರು ಕೊಲ್ಲಲ್ಪಡುವುದು ಕಪ್ಪು ವರ್ಣಕ್ಕಾಗಿ ಅಲ್ಲ, ಮ್ಯೂಟೆಂಟ್‌ಗಳಾದುದಕ್ಕಾಗಿ. ರೂಪಕವು ಬಿಳಿಯ ಓದುಗನಿಗೂ ತುಳಿತಕ್ಕೊಳಗಾದವರ ನೋವನ್ನು ತಲುಪಿಸುವ ಸೇತುವೆಯಾಯಿತೆಂಬುದು ನಿಜ. ಆದರೆ ಆ ರೂಪಕದ ನೆರಳಿನಲ್ಲಿ ಸ್ಟಾರ್ಮ್ ಎದುರಿಸಬೇಕಾಗಿದ್ದ ವಾಸ್ತವಿಕ ವರ್ಣಭೇದವು ಬಹುಮಟ್ಟಿಗೆ ಮಾತಾಗದೆಯೇ ಉಳಿಯಿತು. ಆಕೆಯನ್ನು ಜಗತ್ತು ದ್ವೇಷಿಸುವುದು ಮ್ಯೂಟೆಂಟ್ ಎಂದು. ಕಪ್ಪು ಹೆಣ್ಣೆಂದು ಅಲ್ಲ. ಆಂದ್ರೆ ಕ್ಯಾರಿಂಗ್ಟನ್ ಅವರು ತಮ್ಮ ‘ಸ್ಪೆಕ್ಯುಲೇಟಿವ್ ಬ್ಲ್ಯಾಕ್‌ನೆಸ್’ (2016) ಗ್ರಂಥದಲ್ಲಿ ಈ ಪಾತ್ರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿರುವುದೂ, ಡೆಬೋರಾ ವೇಲಿ ಅವರ ‘ಬ್ಲ್ಯಾಕ್ ವಿಮೆನ್ ಇನ್ ಸೀಕ್ವೆನ್ಸ್’ (2015) ಗ್ರಂಥವು ಓರ್ಮ್ಸ್ ಅವರಿಂದ ಮೊದಲುಗೊಂಡು ಕಪ್ಪು ಮಹಿಳೆಯರ ಚಿತ್ರಕಥಾ ಪರಂಪರೆಯನ್ನು ಶೋಧಿಸಿರುವುದೂ ಇಂತಹ ಮೌನಗಳ ವಿಚಾರಣೆಗೆ ದಾರಿ ತೆರೆದಿವೆ.

ಕರ್ತೃತ್ವದ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಪಾತ್ರವನ್ನು ಸೃಷ್ಟಿಸಿದವರು, ಅದರ ಮುಖ್ಯ ಘಟ್ಟಗಳನ್ನು ಬರೆದವರು, ಚಿತ್ರಿಸಿದವರು ಬಿಳಿಯ ಪುರುಷರು. 1980ರ ದಶಕದಲ್ಲಿ ಲೂಯೀಸ್ ಸೈಮನ್ಸನ್, ಆ್ಯನ್ ನೊಸೆಂಟಿ ಅವರಂತಹ ಮಹಿಳೆಯರು ಸಂಪಾದಕರಾಗಿದ್ದುದು ಗಮನಾರ್ಹವಾದರೂ ಕಪ್ಪು ಲೇಖಕಿಯ ದನಿ ಅಲ್ಲಿರಲಿಲ್ಲ. ಸ್ಟಾರ್ಮ್ ಹೆಸರಿನಲ್ಲಿ ಪ್ರತ್ಯೇಕ ಪತ್ರಿಕೆ ಬರಲು 1996ರವರೆಗೆ ಕಾಯಬೇಕಾಯಿತು. ಅದೂ ನಾಲ್ಕೇ ಸಂಚಿಕೆಗಳದು. 2000ದ ‘ಎಕ್ಸ್-ಮೆನ್’ ಚಲನಚಿತ್ರದಲ್ಲಿ ಹ್ಯಾಲಿ ಬೆರ್ರಿ ಈ ಪಾತ್ರಕ್ಕೆ ವಿಶ್ವಖ್ಯಾತಿ ತಂದರೂ ಚಿತ್ರಕಥೆಯ ನಾಯಕಿ ಅಲ್ಲಿ ಹಿನ್ನೆಲೆಯ ಪಾತ್ರವಾದಳು. 2006ರಲ್ಲಿ ಕಪ್ಪು ಲೇಖಕ ರೆಜಿನಾಲ್ಡ್ ಹಡ್ಲಿನ್ ಅವರ ಬರವಣಿಗೆಯಲ್ಲಿ ಆಕೆಗೆ ಬ್ಲ್ಯಾಕ್ ಪ್ಯಾಂಥರ್‌ನೊಡನೆ ವಿವಾಹವಾಯಿತು. ಆಕೆಗೆ ಕಪ್ಪು ಸಮಾಜವೊಂದು ಕೊನೆಗೂ ದೊರೆತದ್ದು ಇಲ್ಲಿನ ಲಾಭ. ನಾಯಕಿ ರಾಣಿಯಾಗಿ ಇನ್ನೊಬ್ಬರ ಕಥೆಯೊಳಗೆ ಸೇರಿದ್ದು ನಷ್ಟ. 2012ರಲ್ಲಿ ಆ ವಿವಾಹವೂ ರದ್ದಾಯಿತು. 2021ರ ಕಥೆಗಳಲ್ಲಿ ಆಕೆ ಮಂಗಳ ಗ್ರಹದ ಅಧಿಪತಿಯ ಸ್ಥಾನದಲ್ಲಿ ಕಾಣಿಸಿಕೊಂಡಳು. ಹೀಗೆ ಪೀಠ, ಸಿಂಹಾಸನಗಳು ಮತ್ತೆ ಮತ್ತೆ ಆಕೆಯನ್ನು ಹಿಂಬಾಲಿಸುತ್ತಿರುವುದನ್ನು ನೋಡಿದರೆ, ಕಪ್ಪು ಮಹಿಳೆಯನ್ನು ಸಾಮಾನ್ಯಳಾಗಿ ಕಲ್ಪಿಸಿಕೊಳ್ಳುವುದಕ್ಕಿಂತ ಅಸಾಮಾನ್ಯಳಾಗಿ ಕಲ್ಪಿಸಿಕೊಳ್ಳುವುದು ಈ ಪ್ರಕಾರಕ್ಕೆ ಸುಲಭವೆಂದು ತೋರುತ್ತದೆ.

ಮಾರ್ವೆಲ್‌ನ ಸರಣಿಯೊಂದಕ್ಕೆ ಕಪ್ಪು ಮಹಿಳೆಯರು ಪ್ರಧಾನ ಲೇಖಕಿಯರಾದದ್ದು 2016ರಲ್ಲಿ, ರೊಕ್ಸೇನ್ ಗೇ ಮತ್ತು ಯೋನಾ ಹಾರ್ವೆ ‘ವರ್ಲ್ಡ್ ಆಫ್ ವಕಾಂಡಾ’ ಬರೆದಾಗ ಎಂದು ಅಂದು ವರದಿಯಾಯಿತು. 2024ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಸ್ಟಾರ್ಮ್’ ಸರಣಿಯನ್ನು ನೈಜೀರಿಯದ ಲೇಖಕ ಮುರೇವಾ ಅಯೋಡೆಲೆ ಬರೆದರು. ಆಫ್ರಿಕದ ಬಯಲಿನಲ್ಲಿ ಹೊರಗಿನವರ ಕಣ್ಣಿಗೆ ದೇವತೆಯಾಗಿ ಕಂಡವಳನ್ನು ಆಫ್ರಿಕದ ಲೇಖಕರೊಬ್ಬರು ಬರೆಯುವಂತಾಗಲು ಅರ್ಧ ಶತಮಾನವೇ ಬೇಕಾಯಿತು ಎಂಬುದು ಉದ್ಯಮದ ಇತಿಹಾಸದ ಬಗ್ಗೆ ಬಹಳಷ್ಟನ್ನು ಹೇಳುತ್ತದೆ.

7

ಒಟ್ಟಿನಲ್ಲಿ, ಸ್ಟಾರ್ಮ್ ಪಾತ್ರದ ಹಿರಿಮೆಯನ್ನು ಆಕೆ ಮೊದಲಿಗಳೆಂಬ ಹೇಳಿಕೆಯಲ್ಲಾಗಲೀ ಆಕೆಯ ಅಪಾರ ಶಕ್ತಿಯ ವರ್ಣನೆಯಲ್ಲಾಗಲೀ ಹುಡುಕುವುದು ಸಮಂಜಸವೆನಿಸದು. ಅಂಚಿನಲ್ಲಿರಿಸಲ್ಪಟ್ಟವರಿಗೆ ದೈವತ್ವವನ್ನು ಕೊಡುವುದು ಅನೇಕ ವೇಳೆ ಅವರಿಗೆ ಮನುಷ್ಯತ್ವವನ್ನು ಕೊಡದಿರುವ ಒಂದು ವಿಧಾನವಾಗಿರುತ್ತದೆ. 1975ರ ಸಂಚಿಕೆಯಲ್ಲಿ ಈ ವಿಧಾನ ಕೆಲಸ ಮಾಡಿದೆ. ಆದರೆ ಮಾಸಪತ್ರಿಕೆಯ ದೀರ್ಘ ಕಥನವು ಪಾತ್ರಕ್ಕೆ ಕಾಲವನ್ನು ಒದಗಿಸಿತು. ಕಾಲವು ಗಾಯ, ಭಯ, ತಪ್ಪು, ನಷ್ಟಗಳನ್ನು ಒದಗಿಸಿತು. ಅವುಗಳಿಂದ ನಾಯಕಿ ರೂಪುಗೊಂಡಳು. ಸುರಂಗಕ್ಕೆ ಇಳಿದವಳು, ಕೂದಲನ್ನು ತೊರೆದವಳು, ಹೆರಿಗೆಯ ಮನೆಯಲ್ಲಿ ಮಂಡಿಯೂರಿದವಳು, ಶಕ್ತಿಯಿಲ್ಲದೆ ಗೆದ್ದವಳು ಮಳೆ ತರಿಸಿದವಳಿಗಿಂತ ದೊಡ್ಡವಳು. ಹಾರ್ಲೆಮ್‌ನ ಆ ಮನೆಯ ಕಥೆ ಮಾತ್ರ ಇನ್ನೂ ಪೂರ್ಣವಾಗಿ ಬರೆಯಲ್ಪಟ್ಟಿಲ್ಲ. ಅದನ್ನು ಬರೆಯುವ ಲೇಖನಿಯು ಜಾಕಿ ಓರ್ಮ್ಸ್ ಅವರ ಪರಂಪರೆಯಿಂದ ಬಂದಾಗ, ಪ್ರಕೃತಿ ಮತ್ತು ಚರಿತ್ರೆಗಳ ನಡುವೆ ಹಂಚಿಹೋಗಿರುವ ಈ ಪಾತ್ರವು ತನ್ನ ಪೂರ್ಣತೆಯನ್ನು ಪಡೆದೀತು.